ಎರಡನೆಯ ಭಾಷೆಗೆ ಮೊದಲನೆಯದೊಂದು ಬೇಕು

ಮಸ್ಕತ್ತಿನ ಅನೇಕ ಕನ್ನಡ ಮನೆಗಳಲ್ಲಿ ಅಲಿಖಿತ ಶಾಸನವೊಂದು ಜಾರಿಯಲ್ಲಿದೆ. ಮಗು ಕೆ.ಜಿ. ತರಗತಿಗೆ ಸೇರುವ ಮೊದಲೇ ಮನೆಮಾತು ಇಂಗ್ಲಿಷಿಗೆ ತಿರುಗಬೇಕು. ತಂದೆ ತಾಯಿ ತಮ್ಮೊಳಗೆ ಕನ್ನಡದಲ್ಲೋ ತುಳುವಿನಲ್ಲೋ ಜಗಳವಾಡುತ್ತಾರೆ, ಸಾಲದ ಲೆಕ್ಕ ಹಾಕುತ್ತಾರೆ, ಊರಿನ ಸಾವುನೋವಿಗೆ ಮರುಗುತ್ತಾರೆ. ಮಗುವಿನ ಕಡೆ ತಿರುಗಿದೊಡನೆ 'ಈಟ್ ಫಾಸ್ಟ್', 'ಕಮ್ ಹಿಯರ್', 'ಡೋಂಟ್ ಡೂ ಲೈಕ್ ದಟ್' ಎಂಬ ಹತ್ತಿಪ್ಪತ್ತು ಆಜ್ಞಾವಾಕ್ಯಗಳಿಗೆ ಇಳಿಯುತ್ತಾರೆ. ಮನೆಯ ಇಡೀ ಬದುಕು ಒಂದು ಭಾಷೆಯಲ್ಲಿ ನಡೆಯುತ್ತದೆ, ಮಗುವಿನ ಪಾಲಿಗೆ ದಕ್ಕುವುದು ಇನ್ನೊಂದು ಭಾಷೆಯ ಚೂರುಪಾರು. ಊರಿನಿಂದ ಬಂದ ಅಜ್ಜಿ ಮೊಮ್ಮಗಳೊಡನೆ ಮಾತಾಡಲು ಮಗನನ್ನು ದುಭಾಷಿಯಾಗಿ ಕೂರಿಸಿಕೊಳ್ಳಬೇಕಾಗುತ್ತದೆ. ಇದಕ್ಕೆಲ್ಲ ಕೊಡುವ ಕಾರಣ ಒಂದೇ: ಇಂಗ್ಲಿಷ್ ಚೆನ್ನಾಗಿ ಬರಲಿ.

ಅದೇ ನಗರದ ಘಲಾ, ರುಸೈಲ್ ಕೈಗಾರಿಕಾ ಪ್ರದೇಶಗಳ ಕಡೆ ಹೋದರೆ ಚಿತ್ರ ಬೇರೆ. ಲೇಬರ್ ಕ್ಯಾಂಪಿನ ಅಟ್ಟದ ಮಂಚಗಳಲ್ಲಿ ಮಲಗುವ ಕಾರ್ಮಿಕರು ತಮ್ಮ ಕರಾರುಪತ್ರಕ್ಕೆ ಸಹಿ ಹಾಕಿರುತ್ತಾರೆ, ಆದರೆ ಅದನ್ನು ಓದಿರುವುದಿಲ್ಲ. ಒಮಾನಿನ ಅಧಿಕೃತ ಭಾಷೆ ಅರಬಿ. ಕಾರ್ಮಿಕ ಕಾನೂನಿನ ಪ್ರಕಾರ ಕೆಲಸದ ಕರಾರು ಅರಬಿಯಲ್ಲಿರಬೇಕು, ಬೇರೆ ಭಾಷೆಯಲ್ಲಿ ಬರೆದಿದ್ದರೆ ಜೊತೆಗೆ ಅರಬಿ ಪ್ರತಿ ಇರಬೇಕು. ಹೊರನಾಡಿನ ಕಾರ್ಮಿಕನ ಕಣ್ಣಿಗೆ ಬೀಳುವ ಇನ್ನೊಂದು ಪಾಠ ಬಹುಪಾಲು ಇಂಗ್ಲಿಷಿನದು. ಎರಡೂ ಅರಿಯದವನಿಗೆ ಆ ಕಾಗದವು ಸಹಿ ಮಾಡುವ ಜಾಗವಷ್ಟೇ. ಇಲ್ಲಿಯೂ ಕೇಳಿಬರುವ ಕಾರಣ ಒಂದೇ: ಇಂಗ್ಲಿಷ್ ಬರುವುದಿಲ್ಲ.

ಈ ಎರಡು ಚಿತ್ರಗಳು ಒಂದೇ ತಪ್ಪು ಕಲ್ಪನೆಯ ಎರಡು ಮುಖಗಳು. ಇಂಗ್ಲಿಷ್ ಎಂಬುದು ಕಲಿಯಬೇಕಾದ ಒಂದು ಭಾಷೆ, ಪದಗಳೂ ವ್ಯಾಕರಣವೂ ಉಳ್ಳ ಒಂದು ಸಾಧನ ಎಂಬ ಸರಳ ತಿಳಿವಳಿಕೆ ಎರಡೂ ಕಡೆ ಇಲ್ಲ. ಮಧ್ಯಮವರ್ಗದ ಮನೆಯಲ್ಲಿ ಅದು ಏರಬೇಕಾದ ಅಂತಸ್ತು, ಕ್ಯಾಂಪಿನಲ್ಲಿ ಅದು ಮುಟ್ಟಲಾಗದ ಅಂತಸ್ತು. ಅಂತಸ್ತನ್ನು ಯಾರೂ ಕಲಿಸುವುದಿಲ್ಲ, ಪ್ರದರ್ಶಿಸುತ್ತಾರೆ. ಹೀಗಾಗಿಯೇ ಒಬ್ಬರ ಮಗು ಕನ್ನಡ ಕಳೆದುಕೊಳ್ಳುತ್ತದೆ, ಇನ್ನೊಬ್ಬರ ದುಡಿಮೆಯ ಫಲ ಕಳೆದುಹೋಗುತ್ತದೆ.

ಇಂಗ್ಲಿಷ್ ಕಲಿಯಲು ಸ್ವಂತ ಭಾಷೆಯನ್ನು ಹೊರಗಿಡಬೇಕೆಂದು ವಾದಿಸುವವರು ತಾವು ದುಡಿಯುತ್ತಿರುವ ನಾಡನ್ನೇ ಕಣ್ತೆರೆದು ನೋಡಿಲ್ಲ. 1970ರಲ್ಲಿ ಸುಲ್ತಾನ್ ಕಾಬೂಸ್ ಅಧಿಕಾರಕ್ಕೆ ಬಂದಾಗ ಒಮಾನಿನಲ್ಲಿ ಇದ್ದದ್ದು ಮೂರೇ ಶಾಲೆ, ಸುಮಾರು 900 ಗಂಡುಮಕ್ಕಳು. ಅಲ್ಲಿಂದ ಹೊರಟ ದೇಶ 1998-99ರಲ್ಲಿ 'ಮೂಲಶಿಕ್ಷಣ' ಪದ್ಧತಿಯನ್ನು ಜಾರಿಗೆ ತಂದಿತು. ಅದುವರೆಗೆ ನಾಲ್ಕನೆಯ ತರಗತಿಯಿಂದ ಕಲಿಸುತ್ತಿದ್ದ ಇಂಗ್ಲಿಷನ್ನು ಒಂದನೆಯ ತರಗತಿಗೆ ಇಳಿಸಿತು. ಆದರೆ ಸರಕಾರಿ ಶಾಲೆಯಲ್ಲಿ ಗಣಿತ, ವಿಜ್ಞಾನ, ಚರಿತ್ರೆಗಳ ಮಾಧ್ಯಮ ಅರಬಿಯಾಗಿಯೇ ಉಳಿಯಿತು. ಇಂಗ್ಲಿಷ್ ಬೇಕು ಎಂದ ರಾಷ್ಟ್ರ ಅದನ್ನು ಒಂದು ವಿಷಯವಾಗಿ ಕಲಿಸಿತು, ಮನೆಯಲ್ಲಿ ಅರಬಿ ಆಡಬೇಡಿರೆಂದು ತಾಯಂದಿರಿಗೆ ಹೇಳಲಿಲ್ಲ.

ಇದಕ್ಕೊಂದು ಆಕ್ಷೇಪ ಸಿದ್ಧವಾಗಿಯೇ ಇದೆ. ಒಮಾನಿ ವಿದ್ಯಾರ್ಥಿಗಳು ಕಾಲೇಜಿಗೆ ಬಂದಾಗ ಇಂಗ್ಲಿಷ್ ಸಾಲದೆ ಪದವಿಗೆ ಮುನ್ನ ಫೌಂಡೇಶನ್ ಕೋರ್ಸಿನಲ್ಲಿ ಕಾಲ ಕಳೆಯುತ್ತಾರಲ್ಲವೇ? ಹೌದು, ಕಳೆಯುತ್ತಾರೆ. ಆದರೆ ಆ ಕೋರ್ಸು ಒಪ್ಪಿಕೊಳ್ಳುವುದು ಏನನ್ನು? ಎರಡನೆಯ ಭಾಷೆಯನ್ನು ಕಲಿಯಲು ಸಮಯ ಬೇಕು, ಪಾಠ ಬೇಕು, ತರಬೇತಾದ ಶಿಕ್ಷಕರು ಬೇಕು ಎಂಬುದನ್ನು. ಕೊರತೆ ಇರುವುದು ಇಂಗ್ಲಿಷ್ ಬೋಧನೆಯಲ್ಲಿ, ಅರಬಿಯ ಇರುವಿಕೆಯಲ್ಲಿ ಅಲ್ಲ. ಒಮಾನ್ ದೋಷರಹಿತ ಮಾದರಿಯೆಂದೂ ಹೇಳಬೇಕಾಗಿಲ್ಲ. ಧೋಫಾರಿನ ಗುಡ್ಡಗಾಡಿನ ಜಿಬ್ಬಾಲಿ, ಮರಳುಗಾಡಿನ ಮೆಹ್ರಿ ಮೊದಲಾದ ನುಡಿಗಳಿಗೆ ಅರಬಿ ಶಾಲೆಯಲ್ಲಿ ಜಾಗವಿಲ್ಲ. ದೊಡ್ಡ ಭಾಷೆಗಳು ಸಣ್ಣವನ್ನು ನುಂಗುವ ಕಥೆ ಅಲ್ಲಿಯೂ ಇದೆ. ಆದರೂ ಇಂಗ್ಲಿಷಿಗಾಗಿ ತಾನೇ ತನ್ನ ಭಾಷೆಯನ್ನು ಬಲಿಗೊಡುವ ಪದ್ಧತಿಯನ್ನು ಕನ್ನಡಿಗ ಒಮಾನಿಗರಿಂದ ಕಲಿತದ್ದಲ್ಲ, ಊರಿನಿಂದ ಗಂಟುಕಟ್ಟಿ ತಂದದ್ದು.

ಆ ಊರಿನ ಚರಿತ್ರೆಯೇ ಅವನ ವಿರುದ್ಧ ಸಾಕ್ಷಿ ಹೇಳುತ್ತದೆ. ಒಮಾನಿಗೆ ಬಂದ ಕರಾವಳಿಯ ಜನರಲ್ಲಿ ಬಹುಮಂದಿಗೆ ಕನ್ನಡವೇ ಎರಡನೆಯ ಭಾಷೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ನವಾಯತಿ ಆಡುತ್ತ ಶಾಲೆಯಲ್ಲಿ ಕನ್ನಡ ಕಲಿತವರು ಅವರು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದು ತುಳು, ಬೇಂದ್ರೆಯವರದು ಮರಾಠಿ, ಮಾಸ್ತಿಯವರದು ತಮಿಳು. ಮನೆಮಾತನ್ನು ಅಳಿಸಿದರಷ್ಟೇ ಇನ್ನೊಂದು ಭಾಷೆ ಮೂಡುತ್ತದೆ ಎಂಬುದು ನಿಜವಾಗಿದ್ದರೆ ಆಧುನಿಕ ಕನ್ನಡ ಸಾಹಿತ್ಯದ ಅರ್ಧ ಭಾಗ ಹುಟ್ಟುತ್ತಲೇ ಇರಲಿಲ್ಲ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಪುಸ್ತಕವಾಗಿ ಬಂದಾಗ ಅದರ ಹಿಂದೆ ಎರಡೂ ಭಾಷೆಗಳ ಪೂರ್ಣ ಬಲವಿತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಕಿಟ್ಟೆಲ್ ಜರ್ಮನಿಯವರು. ಅವರಿಗೆ ಜರ್ಮನ್ ಮರೆತು ಬನ್ನಿರೆಂದು ಯಾರೂ ಷರತ್ತು ಹಾಕಿರಲಿಲ್ಲ. ಮೊದಲ ಭಾಷೆಯ ಬಲದಿಂದಲೇ ಎರಡನೆಯದು ಬೆಳೆಯುತ್ತದೆ ಎಂಬುದಕ್ಕೆ ಇವರೆಲ್ಲರ ಕೃತಿಗಳೇ ಪುರಾವೆ.

ಬೋಧನೆಯ ಒಳಗಿನ ಮಾತಿಗೆ ಬಂದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಕನ್ನಡದ ಶಾಲೆಗಳಲ್ಲಿ 'ಶಾಲ್' ಎಂಬ ಪದವನ್ನು ತಲೆಮಾರುಗಳಿಂದ ಕಲಿಸಿದ್ದು ಭವಿಷ್ಯತ್ಕಾಲದ ಸಹಾಯಕ ಕ್ರಿಯಾಪದವೆಂದು: ಐ ಶಾಲ್ ಗೋ, ವಿ ಶಾಲ್ ಗೋ. ಕರಾರುಪತ್ರದಲ್ಲಿ ಅದೇ ಪದ ಬಂದಾಗ ಅರ್ಥವೇ ಬೇರೆ. 'ಮಾಲಿಕನು ವಸತಿ ಒದಗಿಸತಕ್ಕದ್ದು' ಎಂಬಲ್ಲಿ ಬರುವ ಕಡ್ಡಾಯದ ದನಿ ಅದರದು. 'ಮೇ' ಎಂದಿದ್ದರೆ ಒದಗಿಸಬಹುದು, ಒದಗಿಸದೆಯೂ ಇರಬಹುದು. ಈ ಒಂದು ಅಂತರದಲ್ಲಿ ಕಾರ್ಮಿಕನ ತಲೆಯ ಮೇಲಿನ ಸೂರು ಇರುತ್ತದೆ ಅಥವಾ ಇರುವುದಿಲ್ಲ. ಕನ್ನಡದ ಕಾನೂನು ಭಾಷೆಯಲ್ಲಿ 'ತಕ್ಕದ್ದು' ಮತ್ತು 'ಬಹುದು' ಎಂಬ ಎರಡು ರೂಪಗಳು ಸಿದ್ಧವಾಗಿಯೇ ಇವೆ. ಅವುಗಳನ್ನು ಪಕ್ಕದಲ್ಲಿಟ್ಟು ತೋರಿಸಿದರೆ ಹತ್ತು ನಿಮಿಷದಲ್ಲಿ ತಿಳಿಯುವ ಸಂಗತಿಯನ್ನು 'ಇಂಗ್ಲಿಷನ್ನು ಇಂಗ್ಲಿಷಿನಲ್ಲಿಯೇ ಕಲಿಯಿರಿ' ಎನ್ನುವ ತರಗತಿ ಹತ್ತು ವರ್ಷದಲ್ಲಿಯೂ ತಿಳಿಸಿಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತ ಸಣ್ಣದು, ಇದಕ್ಕಿಂತ ಅಪಾಯಕಾರಿ. 'ನಿಮಗೆ ಸಂಬಳ ಬಂದಿಲ್ಲ, ಅಲ್ಲವೇ?' ಎಂದು ಕೇಳಿದರೆ ಕನ್ನಡಿಗ 'ಹೌದು' ಎನ್ನುತ್ತಾನೆ. ಅಂದರೆ, ನೀವು ಹೇಳಿದ್ದು ಸರಿ, ಬಂದಿಲ್ಲ. ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದಾಗ 'ಯೆಸ್' ಎಂದರೆ 'ಬಂದಿದೆ' ಎಂದಾಗುತ್ತದೆ, ಬಂದಿಲ್ಲವಾದರೆ 'ನೋ' ಎನ್ನಬೇಕು. ಬಾಕಿ ಸಂಬಳದ ದೂರಿನ ವಿಚಾರಣೆಯಲ್ಲಿ ಮೇಜಿನ ಎದುರು ಕುಳಿತವನು ಕನ್ನಡದ ತರ್ಕದಲ್ಲಿ ಯೋಚಿಸಿ ಇಂಗ್ಲಿಷಿನ 'ಯೆಸ್' ಹೇಳಿದರೆ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತೆ. ಇದು ಬುದ್ಧಿಯ ಕೊರತೆಯಲ್ಲ, ಎರಡು ವ್ಯಾಕರಣಗಳ ನಡುವಿನ ಅಂತರ. ಆ ಅಂತರವನ್ನು ತೋರಿಸಬೇಕಾದರೆ ಎರಡು ವ್ಯಾಕರಣಗಳೂ ಪಾಠದ ಮೇಜಿನ ಮೇಲಿರಬೇಕು. ಕನ್ನಡದ ವಿಭಕ್ತಿ ಪ್ರತ್ಯಯ ನಾಮಪದದ ಹಿಂದೆ ಹತ್ತುತ್ತದೆ, ಇಂಗ್ಲಿಷಿನ ಸಂಬಂಧಸೂಚಕ ಪದ ಮುಂದೆ ನಿಲ್ಲುತ್ತದೆ. ಕನ್ನಡದ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನದು ನಡುವೆ. 'ಎ', 'ದಿ' ಎಂಬ ಉಪಪದಗಳಿಗೆ ಕನ್ನಡದಲ್ಲಿ ಸಮಾನವಾದುದಿಲ್ಲ. ಇಷ್ಟನ್ನು ಕನ್ನಡದಲ್ಲಿ ವಿವರಿಸಿದ ಮೇಲೆ ಮಾಡಿಸುವ ಅಭ್ಯಾಸಕ್ಕೆ ಅರ್ಥ ಬರುತ್ತದೆ. 'ಮೂವತ್ತು ದಿನಗಳಲ್ಲಿ ನಿರರ್ಗಳ ಇಂಗ್ಲಿಷ್' ಮಾರುವ ಸ್ಪೋಕನ್ ಇಂಗ್ಲಿಷ್ ಅಂಗಡಿಗಳು ಈ ಕಷ್ಟಕ್ಕೆ ಕೈಹಾಕುವುದಿಲ್ಲ. ಅವು ಮಾರುವುದು ಶುಭಾಶಯದ ವಾಕ್ಯಗಳನ್ನು ಮತ್ತು ಕಲಿಯುವವನ ನಾಚಿಕೆಯನ್ನು.

ಕಾರ್ಮಿಕನಿಗೆ ಕಲಿಯುವ ಶಕ್ತಿ ಇಲ್ಲ ಎನ್ನುವವರು ಅವನ ಅರಬಿಯನ್ನು ಕೇಳಬೇಕು. ಗುರುವಿಲ್ಲದೆ, ಪುಸ್ತಕವಿಲ್ಲದೆ, ಕೆಲವೇ ತಿಂಗಳಲ್ಲಿ ಅವನು 'ಫುಲೂಸ್ ಮಾಫೀ', 'ಮಾಫೀ ಮುಶ್ಕಿಲ್' ಎಂದು ಮಲೆಯಾಳಿ, ಬಂಗಾಳಿ, ಪಠಾಣ ಸಹೋದ್ಯೋಗಿಗಳೊಡನೆಯೂ ಒಮಾನಿ ಮಾಲಿಕನೊಡನೆಯೂ ವ್ಯವಹರಿಸುತ್ತಾನೆ. ಕೊಲ್ಲಿಯ ಈ ಮಿಶ್ರ ಅರಬಿಯನ್ನು ಭಾಷಾವಿಜ್ಞಾನಿಗಳು ಪಿಜಿನ್ ಎಂದು ಗುರುತಿಸಿ ಅಧ್ಯಯನ ಮಾಡಿದ್ದಾರೆ. 'ಫೀ' ಎಂದರೆ ಇದೆ, 'ಮಾಫೀ' ಎಂದರೆ ಇಲ್ಲ: ಈ ಎರಡು ಪದಗಳ ಮೇಲೆ ಅವನು ಒಂದು ಬದುಕನ್ನೇ ಕಟ್ಟಿಕೊಂಡಿದ್ದಾನೆ. ದುಡ್ಡು ಬಂದಿಲ್ಲವೆಂದು ಹೇಳುವಷ್ಟು ಭಾಷೆಯನ್ನು ಅವನು ತಾನಾಗಿಯೇ ಗಳಿಸಿದ್ದಾನೆ. ಎಷ್ಟು ತಿಂಗಳಿನದು, ಯಾವ ಕಲಮಿನ ಪ್ರಕಾರ ಎಂದು ಬರೆದುಕೊಡುವಷ್ಟು ಭಾಷೆಯನ್ನು ಸಮಾಜ ಅವನಿಗೆ ಕಲಿಸಬೇಕಾಗಿತ್ತು, ಕಲಿಸಲಿಲ್ಲ.

ಇಲ್ಲಿ ಕನ್ನಡಾಭಿಮಾನಿಗಳೂ ಉತ್ತರ ಹೇಳಬೇಕಾಗಿದೆ. 1982ರ ಗೋಕಾಕ್ ಚಳವಳಿಯಿಂದ 2014ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಕರ್ನಾಟಕದಲ್ಲಿ ನಡೆದ ವಾದವೆಲ್ಲ ಮಾಧ್ಯಮದ ಸುತ್ತಲೇ ಸುತ್ತಿತು. ಕನ್ನಡ ಮಾಧ್ಯಮದ ಸರಕಾರಿ ಶಾಲೆಯ ಮಗುವಿಗೆ ಇಂಗ್ಲಿಷನ್ನು ಒಂದು ಭಾಷೆಯಾಗಿ ಗಟ್ಟಿಯಾಗಿ ಕಲಿಸುವುದು ಹೇಗೆಂಬ ಪ್ರಶ್ನೆ ಬದಿಗೆ ಸರಿಯಿತು. ಒಂದನೆಯ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ಅಷ್ಟರಲ್ಲಿ ಮಾತೃಭಾಷೆಯ ಮಹಿಮೆ ಹೊಗಳಿದ ಅನೇಕರ ಮಕ್ಕಳು ಕಾನ್ವೆಂಟ್ ದಾಟಿ ಅಮೆರಿಕ ಸೇರಿದ್ದರು. 2010ರಲ್ಲಿ ಚಂದ್ರಭಾನ್ ಪ್ರಸಾದ್ ಅವರು ಉತ್ತರ ಪ್ರದೇಶದ ಬಂಕಾ ಗ್ರಾಮದಲ್ಲಿ 'ಇಂಗ್ಲಿಷ್ ದೇವಿ'ಗೆ ಗುಡಿ ಕಟ್ಟಲು ಹೊರಟಾಗ ನಕ್ಕವರು, ಆ ಗುಡಿಯ ಹಿಂದಿದ್ದ ದಲಿತರ ಸಿಟ್ಟನ್ನು ಓದಲಿಲ್ಲ. ಬಡವನಿಗೆ ಇಂಗ್ಲಿಷ್ ಬೇಡವೆನ್ನುವುದು ಭಾಷಾಪ್ರೇಮದ ವೇಷ ತೊಟ್ಟ ವರ್ಗಪ್ರೇಮ. ಹತ್ತನೆಯ ತರಗತಿ ಪಾಸಾಗದವನ ಪಾಸ್‌ಪೋರ್ಟು ಇಸಿಆರ್ ವರ್ಗಕ್ಕೆ ಸೇರುತ್ತದೆ, ಒಮಾನಿನಂಥ ದೇಶಕ್ಕೆ ಕೆಲಸಕ್ಕೆ ಹೊರಡಲು ಅವನಿಗೆ ಪ್ರತ್ಯೇಕ ಅನುಮತಿ ಬೇಕು. ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲಿ ನಪಾಸಾದ ಹುಡುಗನಿಗೆ ಭಾಷೆ ಎಂಬುದು ಸಂಸ್ಕೃತಿಯ ಪ್ರಶ್ನೆಯಾಗುವ ಮೊದಲೇ ವಿಮಾನ ನಿಲ್ದಾಣದ ಪ್ರಶ್ನೆಯಾಗಿರುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಉತ್ತರಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. ಕೊಲ್ಲಿಯ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಊರಿನಿಂದ ಚಿತ್ರನಟರನ್ನು ಕರೆಸುವ ಖರ್ಚಿನ ಒಂದು ಪಾಲನ್ನು ಬೇರೆಡೆಗೆ ತಿರುಗಿಸಲಿ. ಶುಕ್ರವಾರದ ರಜೆಯಲ್ಲಿ ಕ್ಯಾಂಪಿನೊಳಗೆ ಎರಡು ಗಂಟೆಯ ತರಗತಿ ನಡೆಯಲಿ. ಪಠ್ಯ ಬೇರೆ ಬೇಡ: ಕರಾರುಪತ್ರ, ಸಂಬಳದ ಚೀಟಿ, ಸುರಕ್ಷತೆಯ ಫಲಕ, ಆಸ್ಪತ್ರೆಯ ಅರ್ಜಿ. ಬೇಸಿಗೆಯ ತಿಂಗಳುಗಳಲ್ಲಿ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನ ಕೆಲಸ ನಿಷಿದ್ಧವೆಂದು ಹೇಳುವ ಸೂಚನೆಯೊಂದೇ ಕ್ರಿಯಾಪದ, ಕಾಲ, ನಿಷೇಧರೂಪಗಳ ಮೂರು ಪಾಠಗಳಿಗೆ ಸಾಕು. ಅರಬಿ, ಇಂಗ್ಲಿಷ್, ಕನ್ನಡ ಮೂರರಲ್ಲೂ ಇನ್ನೂರು ಪದಗಳ ಕೈಪಿಡಿಯೊಂದು ಮೊಬೈಲಿನಲ್ಲಿ ಹಂಚಿಕೆಯಾಗಲಿ. ಊರು ಬಿಡುವ ಮುನ್ನ ಕೊಡುವ ತರಬೇತಿಯಲ್ಲಿ ಕರ್ನಾಟಕ ಸರಕಾರ ಇದನ್ನು ಸೇರಿಸಲಿ.

ಮಧ್ಯಮವರ್ಗದ ಮನೆ ಮಾಡಬೇಕಾದ ಕೆಲಸಕ್ಕೆ ಖರ್ಚೇ ಇಲ್ಲ. ಶಾಲೆ ದಿನವಿಡೀ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ, ಅದನ್ನು ಕಲಿಸುವ ಹೊಣೆ ಶುಲ್ಕ ಪಡೆಯುವ ಶಾಲೆಯದು. ಮನೆ ಕೊಡಬಹುದಾದದ್ದು, ಮನೆಯ ಹೊರತು ಬೇರೆಲ್ಲಿಯೂ ಸಿಗದದ್ದು, ತಂದೆ ತಾಯಿಯರ ಪೂರ್ಣ ಮಾತು: ಕಥೆ, ಕೋಪ, ತಮಾಷೆ, ವಾದ, ಊರಿನ ಸುದ್ದಿ. ಕಾರಣಕ್ಕೆ ಕಾರಣ ಹೇಳುವುದನ್ನು, ಅನುಮಾನ ವ್ಯಕ್ತಪಡಿಸುವುದನ್ನು, ಕ್ಷಮೆ ಕೇಳುವುದನ್ನು ಒಂದು ಭಾಷೆಯಲ್ಲಿ ಚೆನ್ನಾಗಿ ಕಲಿತ ಮಗು ಅದನ್ನೇ ಇನ್ನೊಂದರಲ್ಲಿ ಹೇಳಲು ಪದ ಹುಡುಕುತ್ತದೆ. ಯಾವ ಭಾಷೆಯಲ್ಲಿಯೂ ಕಲಿಯದ ಮಗುವಿಗೆ ಹುಡುಕಲು ಏನಿರುತ್ತದೆ?

ಇಂಗ್ಲಿಷ್ ಎಲ್ಲರಿಗೂ ಬೇಕು. ಕ್ಯಾಂಪಿನ ಕಾರ್ಮಿಕನಿಗೆ ಮೊದಲು ಬೇಕು. ಅದನ್ನು ಎರಡನೆಯ ಭಾಷೆಯೆಂದು ಕರೆಯುವವರು, ಮೊದಲನೆಯದನ್ನು ಮನೆಯಿಂದಲೂ ತರಗತಿಯಿಂದಲೂ ಹೊರದಬ್ಬಿ ಅದನ್ನು ಯಾವುದರ ಮೇಲೆ ನಿಲ್ಲಿಸುತ್ತಾರೆಂದು ಹೇಳಬೇಕು.