ಮನೆಯಲ್ಲಿ ನಿರ್ಮಿಸಿದ ವಾಹನಗಳ ತಪಾಸಣೆ ಮತ್ತು ನೋಂದಣಿ: ಬೇಲೆಕೇರಿ ಹಾಗೂ ಸುತ್ತಲಿನ ನಾಗರಿಕರ ಗಮನಕ್ಕೆ

ಅಂಕೋಲಾ ತಾಲ್ಲೂಕಿನ ಬೇಲೆಕೇರಿಯಂತಹ ಕರಾವಳಿ ಗ್ರಾಮಗಳಲ್ಲಿ ದೋಣಿಯ ಎಂಜಿನ್ ಬಿಚ್ಚಿ ಜೋಡಿಸಬಲ್ಲ, ಕಬ್ಬಿಣದ ಚೌಕಟ್ಟನ್ನು ವೆಲ್ಡಿಂಗ್ ಮಾಡಬಲ್ಲ ಕುಶಲಕರ್ಮಿಗಳಿಗೆ ಕೊರತೆಯಿಲ್ಲ. ಹಳೆಯ ಬಿಡಿಭಾಗಗಳಿಂದ ಸ್ವಂತ ಕಾರು ಅಥವಾ ಜೀಪನ್ನು ನಿರ್ಮಿಸಿಕೊಳ್ಳುವ ಹಂಬಲ ಇಂತಹವರಲ್ಲಿ ಮೂಡುವುದು ಸಹಜ. ಆದರೆ ಸದರಿ ವಾಹನವನ್ನು ಕಾರವಾರದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ತಪಾಸಣೆಗೆ ಹಾಜರುಪಡಿಸಿ ಕೆಎ-30 ಸರಣಿಯ ಸಂಖ್ಯೆಯನ್ನು ಪಡೆಯಬಹುದೇ ಎಂಬ ಪ್ರಶ್ನೆಯನ್ನು ಹಣ ವ್ಯಯಿಸುವ ಮೊದಲೇ ಕೇಳಿಕೊಳ್ಳುವುದು ಅಗತ್ಯ.

ಸಾಂಗ್ಲಿಯ ಪ್ರಕರಣ

2021ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಗ್ರಾಮದ ಕುಶಲಕರ್ಮಿಯೊಬ್ಬರು ಸುಮಾರು 60,000 ರೂಪಾಯಿ ವೆಚ್ಚದಲ್ಲಿ ಗುಜರಿ ಸಾಮಗ್ರಿಗಳಿಂದ ನಿರ್ಮಿಸಿದ, ಕಾಲಿನಿಂದ ಒದ್ದು ಚಾಲೂ ಮಾಡುವ ಪುಟ್ಟ ಜೀಪು ದೇಶದ ಗಮನ ಸೆಳೆಯಿತು. ಉದ್ಯಮಿ ಆನಂದ್ ಮಹೀಂದ್ರಾ ಅವರು ಆ ಜಾಣ್ಮೆಯನ್ನು ಮೆಚ್ಚಿದರು. ಅದೇ ವೇಳೆ, ವಾಹನವು ನಿಯಮಗಳಿಗೆ ಅನುಗುಣವಾಗಿಲ್ಲದ ಕಾರಣ ಅಧಿಕಾರಿಗಳು ಇಂದಲ್ಲ ನಾಳೆ ಅದನ್ನು ತಡೆಯುವರೆಂದು ತಿಳಿಸಿ, ಬದಲಿಗೆ ಬೊಲೆರೊ ವಾಹನವನ್ನು ನೀಡಲು ಮುಂದೆ ಬಂದರು. 2022ರ ಜನವರಿಯಲ್ಲಿ ಅದನ್ನು ಹಸ್ತಾಂತರಿಸಲಾಯಿತು. ಪ್ರಕರಣವು ಸುಖಾಂತವಾಯಿತಾದರೂ ಆ ಜೀಪಿಗೆ ರಸ್ತೆಯ ಹಕ್ಕು ದೊರೆಯಲಿಲ್ಲವೆಂಬುದನ್ನು ಗಮನಿಸಬೇಕು. ಇಂತಹ ಉದಾರತೆ ಎಲ್ಲರಿಗೂ ಒದಗುವುದೂ ಇಲ್ಲ.

ಸ್ಥಳೀಯ ತಪಾಸಣೆ ಏಕೆ ಸಾಲದು

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 39ರನ್ವಯ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವಂತಿಲ್ಲ. ನೋಂದಣಿಗೆ ನಮೂನೆ 20ರ ಅರ್ಜಿಯೊಂದಿಗೆ ನಮೂನೆ 21ರ ಮಾರಾಟ ಪ್ರಮಾಣಪತ್ರ, ನಮೂನೆ 22ರಲ್ಲಿ ತಯಾರಕರು ನೀಡುವ ರಸ್ತೆ ಯೋಗ್ಯತಾ ಪ್ರಮಾಣಪತ್ರ, ವಿಮಾ ಪತ್ರ ಹಾಗೂ ವಿಳಾಸದ ದಾಖಲೆ ಬೇಕಾಗುತ್ತವೆ. ಮನೆಯಲ್ಲಿ ಕಟ್ಟಿದ ವಾಹನಕ್ಕೆ ಮಾರಾಟಗಾರರೂ ಇಲ್ಲ, ಮಾನ್ಯತೆ ಪಡೆದ ತಯಾರಕರೂ ಇಲ್ಲ.

ಮೋಟಾರು ವಾಹನ ನಿರೀಕ್ಷಕರು ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ, ದೀಪ, ಬ್ರೇಕ್ ಮೊದಲಾದವುಗಳನ್ನು ಪರಿಶೀಲಿಸುತ್ತಾರೆ. ಆದರೆ ವಿನ್ಯಾಸವು ಸುರಕ್ಷಿತವೇ ಎಂಬುದನ್ನು ನಿರ್ಧರಿಸುವ ಕಾರ್ಯ ಅವರದಲ್ಲ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 126ರಂತೆ ಪ್ರತಿಯೊಂದು ಮಾದರಿಯ ಮೂಲ ವಾಹನವು ಪುಣೆಯ ಎ.ಆರ್.ಎ.ಐ. ಮುಂತಾದ ಅಧಿಕೃತ ಸಂಸ್ಥೆಯ ಪರೀಕ್ಷೆಯಲ್ಲಿ ಉತ್ತೀರ್ಣವಾಗಬೇಕು. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ಹೊಗೆ ಮಾನದಂಡವೂ ಅನ್ವಯಿಸುತ್ತದೆ. ಪ್ರಯಾಣಿಕ ಕಾರುಗಳ ಹೊಸ ಮಾದರಿಗಳಿಗೆ 2017ರ ಅಕ್ಟೋಬರ್‌ನಿಂದ ಡಿಕ್ಕಿ ಪರೀಕ್ಷೆಯನ್ನು ಕಡ್ಡಾಯಗೊಳಿಸಲಾಗಿದೆ. ಈ ಪರೀಕ್ಷೆಯಲ್ಲಿ ವಾಹನವೇ ನಜ್ಜುಗುಜ್ಜಾಗುತ್ತದೆ. ಸಾವಿರಾರು ವಾಹನಗಳನ್ನು ತಯಾರಿಸುವ ಕಾರ್ಖಾನೆಗೆ ಇದು ಭರಿಸಬಹುದಾದ ವೆಚ್ಚ. ಒಂದೇ ವಾಹನವನ್ನು ಕಟ್ಟಿದವರಿಗೆ ಪರೀಕ್ಷೆಯ ನಂತರ ಉಳಿಯುವುದೇನೂ ಇಲ್ಲ.

ಹಳೆಯ ನೋಂದಣಿ ಪತ್ರದ ಆಸೆ

ಗುಜರಿಗೆ ಸೇರಿದ ವಾಹನದ ನೋಂದಣಿ ಪತ್ರವನ್ನು ಹೊಸ ಚೌಕಟ್ಟಿಗೆ ಬಳಸಬಹುದೆಂಬ ಸಲಹೆ ಕೆಲವೊಮ್ಮೆ ಕೇಳಿಬರುತ್ತದೆ. ಇದು ಕಾನೂನುಬಾಹಿರ. ನಾಶವಾದ ಅಥವಾ ಶಾಶ್ವತವಾಗಿ ನಿರುಪಯುಕ್ತವಾದ ವಾಹನದ ವಿಷಯವನ್ನು ಕಲಂ 55ರಂತೆ ಮಾಲೀಕರೇ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ತಯಾರಕರು ಮೂಲತಃ ಸೂಚಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಕಲಂ 52 ನಿಷೇಧಿಸುತ್ತದೆ. ಕೇರಳದಿಂದ ಬಂದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಇದನ್ನೇ ಎತ್ತಿಹಿಡಿದಿದೆ.

2019ರ ತಿದ್ದುಪಡಿಯಿಂದ ಸೇರಿದ ಕಲಂ 182ಎ ಅನ್ವಯ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಕಾರಾವಾಸ ಅಥವಾ ಎರಡನ್ನೂ ವಿಧಿಸಬಹುದು. ಇದಕ್ಕಿಂತ ಗಂಭೀರವಾದುದು ಅಪಘಾತದ ಹೊಣೆ. ವಿಮೆಯಿಲ್ಲದ ವಾಹನವು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪಾದಚಾರಿಯೊಬ್ಬರಿಗೆ ಡಿಕ್ಕಿ ಹೊಡೆದಲ್ಲಿ ಪರಿಹಾರದ ಭಾರ ಮಾಲೀಕರ ಮನೆ, ಜಮೀನಿನ ಮೇಲೆಯೇ ಬೀಳಬಹುದು. ಗಾಯಗೊಂಡ ಕುಟುಂಬಕ್ಕೂ ಪರಿಹಾರ ಸಕಾಲದಲ್ಲಿ ದೊರೆಯದೇ ಹೋಗಬಹುದು.

ವಿವೇಚಿಸಬೇಕಾದ ವಿಷಯ

ಬ್ರಿಟನ್ನಿನಲ್ಲಿ ಹವ್ಯಾಸಿಗಳು ಕಟ್ಟಿದ ಕಾರುಗಳಿಗೆ ಬಿಡಿ ವಾಹನ ಅನುಮೋದನೆಯೆಂಬ ಪದ್ಧತಿಯಿದೆ. 2009ರಿಂದ ಈಗಿನ ರೂಪದಲ್ಲಿರುವ ಈ ಪದ್ಧತಿಯಲ್ಲಿ ಆ ಒಂದೇ ವಾಹನವನ್ನು ಜಖಂಗೊಳಿಸದೆ ಪರೀಕ್ಷಿಸಲಾಗುತ್ತದೆ. ನಮ್ಮ ನಿಯಮಗಳು ಕಾರ್ಖಾನೆಯನ್ನು ಗಮನದಲ್ಲಿರಿಸಿಕೊಂಡು ರೂಪುಗೊಂಡಿವೆ. ಜನದಟ್ಟಣೆಯ ರಸ್ತೆಗಳಲ್ಲಿ ಸುರಕ್ಷತೆಯ ಮಟ್ಟವನ್ನು ಇಳಿಸಲಾಗದೆಂಬ ವಾದವು ಬಲವಾದುದು. ಆದರೂ ಕುಶಲಕರ್ಮಿಗೆ ತನ್ನ ಕೆಲಸವನ್ನು ಪರೀಕ್ಷೆಗೆ ಒಡ್ಡುವ ಕೈಗೆಟಕುವ ದಾರಿಯೊಂದು ಇಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಇದನ್ನು ಬದಲಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದ್ದು, ಸ್ಥಳೀಯ ಕಚೇರಿಯು ವಿನಾಯಿತಿ ನೀಡಲಾರದು.

ಲಭ್ಯವಿರುವ ಮಾರ್ಗಗಳು

1. ಅನುಮೋದಿತ ಸಿ.ಎನ್.ಜಿ., ಎಲ್.ಪಿ.ಜಿ. ಅಥವಾ ವಿದ್ಯುತ್ ಕಿಟ್ ಅಳವಡಿಕೆ. ಕಿಟ್ಟಿನ ಅನುಮೋದನೆ ಪತ್ರವನ್ನು ಖರೀದಿಗೆ ಮುನ್ನವೇ ಪರಿಶೀಲಿಸಿರಿ.

2. ಅಂಗವಿಕಲ ವ್ಯಕ್ತಿಗಳ ಬಳಕೆಗಾಗಿ ನೋಂದಣಿ ಪ್ರಾಧಿಕಾರದ ಅನುಮತಿ ಪಡೆದು ಮಾಡುವ ಮಾರ್ಪಾಡು.

3. ಕಾರ್ಖಾನೆ ಅಥವಾ ಆವರಣದೊಳಗೆ ಮಾತ್ರ ಬಳಸಲು ವಿಶೇಷವಾಗಿ ರೂಪಿಸಿದ ವಾಹನ. ಇದು ಕಲಂ 2(28)ರ ವ್ಯಾಖ್ಯೆಯಂತೆ ಮೋಟಾರು ವಾಹನವೆನಿಸದು, ಆದರೆ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಿರ್ಮಿಸುವ ಸ್ಪರ್ಧಾ ವಾಹನಗಳು ಮುಚ್ಚಿದ ಪಥದಲ್ಲೇ ಓಡುತ್ತವೆ.

ಅನುಮತಿ ಪಡೆದು ಮಾಡಿದ ಮಾರ್ಪಾಡನ್ನು ಹದಿನಾಲ್ಕು ದಿನಗಳೊಳಗೆ ವರದಿ ಮಾಡಿ, ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳತಕ್ಕದ್ದು. ಬಿಡಿಭಾಗಗಳಿಗೆ ಹಣ ತೊಡಗಿಸುವ ಮುನ್ನ ಉದ್ದೇಶಿತ ಕೆಲಸದ ವಿವರವನ್ನು ನೋಂದಣಿ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಿ, ಲಿಖಿತ ಉತ್ತರವನ್ನೇ ಪಡೆದುಕೊಳ್ಳಬೇಕೆಂದು ನಾಗರಿಕರಲ್ಲಿ ಕೋರಲಾಗಿದೆ.