ಪರದೆ ಹಿಂದಿನ ಮಾತು: ಕನ್ನಡಿಯಲ್ಲಿ ಕ್ಯಾಮೆರಾ ಯಾಕ್ರೀ ಕಾಣೋಲ್ಲ?

ದಾವಣಗೆರೆಯಿಂದ ಒಬ್ಬ ಓದುಗರು ಕಾರ್ಡು ಹಾಕಿದ್ದಾರೆ. ಪ್ರಶ್ನೆ ಒಂದೇ. "ಹೀರೋಯಿನ್ ಕನ್ನಡಿ ಮುಂದೆ ಕೂತು ಕುಂಕುಮ ಇಟ್ಕೋತಾಳೆ. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತೆ, ಹಿಂದಿನ ಗೋಡೆ ಕಾಣುತ್ತೆ, ಕ್ಯಾಮೆರಾ ಮಾತ್ರ ಯಾಕ್ರೀ ಕಾಣೋಲ್ಲ?"

ಭೇಷ್! ಯಾರ ಮದುವೆ, ಯಾರ ಜಗಳ ಅಂತ ಕೇಳುವವರೇ ಹೆಚ್ಚಿರುವಾಗ ಇಂಥದ್ದೊಂದು ಪ್ರಶ್ನೆ ಬಂದರೆ ಬರೆಯೋನಿಗೂ ಹುರುಪು.

ಉತ್ತರ ಸುಲಭ. ಕನ್ನಡಿ ಅನ್ನೋದು ಬಲು ನಿಯತ್ತಿನ ವಸ್ತು. ಬೆಳಕು ಯಾವ ಕೋನದಲ್ಲಿ ಬಂದು ಬೀಳುತ್ತೋ ಅದೇ ಕೋನದಲ್ಲಿ ಆಚೆ ಪಕ್ಕಕ್ಕೆ ವಾಪಸ್ ಕಳಿಸುತ್ತೆ. ಕ್ಯಾಮೆರಾವನ್ನು ನೇರ ಎದುರಿಗಿಟ್ಟರೆ ಕ್ಯಾಮೆರಾನೇ ಕಾಣುತ್ತೆ. ಒಂದಿಷ್ಟು ಪಕ್ಕಕ್ಕೆ ಸರಿಸಿದರೆ ಅದು ಮರೆ, ನಟಿ ಹಾಜರ್. ಸರಿಸಲು ಜಾಗ ಇಲ್ಲದಿದ್ದರೆ ಕನ್ನಡಿಯನ್ನೇ ಕೊಂಚ ಓರೆ ಮಾಡಿದರಾಯ್ತು. ಈಗಂತೂ ಕಂಪ್ಯೂಟರಿನಲ್ಲಿ ಅಳಿಸಿಬಿಡುವ ವಿದ್ಯೆಯೂ ಬಂದಿದೆ ಬಿಡಿ.

ಆದರೆ ಇದರಲ್ಲೊಂದು ತಮಾಷೆ ಇದೆ. ಕನ್ನಡಿಯೊಳಗಿಂದ ಆಕೆ ನೇರ ನಮ್ಮನ್ನೇ ನೋಡುತ್ತಿದ್ದರೆ, ಆ ಹೊತ್ತಿಗೆ ಆಕೆಗೆ ಕಾಣುತ್ತಿರೋದು ತನ್ನ ಮುಖ ಅಲ್ಲ, ಕ್ಯಾಮೆರಾದ ಮಸೂರ! ಅಂದರೆ ಪಾಪ, ಮುಖ ಕಾಣದೆ ಅಂದಾಜಿನ ಮೇಲೆ ಕುಂಕುಮ ಇಟ್ಟುಕೊಳ್ಳುತ್ತಾ ನಾಚಿಕೊಳ್ಳಬೇಕು. ಅಭಿನಯ ಅಂದರೆ ಸುಮ್ಮನೇನಾ?

ಒಂದು ಕನ್ನಡಿಗೇ ಇಷ್ಟು ಪಾಡಾದರೆ ಸಾವಿರಾರು ಕನ್ನಡಿ ಚೂರುಗಳಿದ್ದರೆ? 1960ರಲ್ಲಿ ತೆರೆಕಂಡ ಕೆ. ಆಸಿಫ್ ಅವರ 'ಮೊಘಲ್-ಎ-ಆಜಮ್' ನೆನಪಿಸಿಕೊಳ್ಳಿ. ಶೀಶ್ ಮಹಲ್ ಸೆಟ್ಟಿನಲ್ಲಿ ಮಧುಬಾಲಾ ಕುಣಿದರೆ ಛಾವಣಿಯ ಚೂರುಚೂರಿನಲ್ಲೂ ಮಧುಬಾಲಾ! ದೀಪ ಹಚ್ಚಿದರೆ ಎಲ್ಲ ಕಡೆಯಿಂದಲೂ ಕಣ್ಣು ಕುಕ್ಕುವ ಮಿಂಚು. ಇದನ್ನು ಚಿತ್ರೀಕರಿಸೋದು ಆಗದ ಮಾತು ಅಂದವರೂ ಇದ್ದರು. ಗಾಜಿನ ಮೇಲೆ ತೆಳ್ಳಗೆ ಮೇಣ ಸವರಿ ಹೊಳಪು ತಗ್ಗಿಸಿದರು. ಛಾಯಾಗ್ರಾಹಕ ಆರ್.ಡಿ. ಮಾಥುರ್ ದೀಪದ ಬೆಳಕನ್ನು ನೇರ ಬಿಡದೆ, ಬಟ್ಟೆಗೆ ಬಡಿಸಿ ಮೆತ್ತಗೆ ಮಾಡಿ ಬಿಟ್ಟರು. ಹಾಗೆ ಪಳಗಿತು ಆ ಮಹಲು.

ಅದಕ್ಕೂ ಒಂದು ವರ್ಷ ಮುಂಚೆ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು ಕನ್ನಡಿಯಿಂದ ಬೇರೆಯೇ ಚಮತ್ಕಾರ ಮಾಡಿದ್ದರು. ಗುರುದತ್ ಅವರ 'ಕಾಗಜ್ ಕೇ ಫೂಲ್', 1959. ಖಾಲಿ ಸ್ಟುಡಿಯೋ, ಮೇಲಿನಿಂದ ಕಂಬದ ಹಾಗೆ ಇಳಿಯುವ ಬೆಳಕು. ಸ್ಟುಡಿಯೋ ದೀಪದ ಬೆಳಕು ಹೊರಟ ಮೇಲೆ ಅಗಲವಾಗುತ್ತಾ ಹೋಗುತ್ತೆ. ಸೂರ್ಯನ ಕಿರಣ ಹಾಗಲ್ಲ, ಜೋಡಿಸಿಟ್ಟ ಕೋಲಿನ ಹಾಗೆ ಸಮವಾಗಿ ಬರುತ್ತೆ. ಮೂರ್ತಿಯವರು ಹೊರಗೊಂದು ದೊಡ್ಡ ಕನ್ನಡಿ, ಒಳಗೆ ಎತ್ತರದಲ್ಲಿ ಇನ್ನೊಂದು ಇಡಿಸಿ ಬಿಸಿಲನ್ನೇ ಒಳಗೆ ಕರೆತಂದರು. ಸೆಟ್ಟಿಗೆ ಸೂರ್ಯನನ್ನೇ ಕಾಲ್‌ಷೀಟ್ ಕೊಟ್ಟು ಕರೆಸಿದ ಹಾಗೆ! ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕಲಿತ ಈ ಹಿರಿಯರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದಿದ್ದು ಅದೇ ಮೊದಲು. 2014ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ದೊಡ್ಡವರ ಮಾತಾಯ್ತು. ಈಗ ನನ್ನದೊಂದು ಸಣ್ಣ ಕಥೆ. ಕಥೆಯಲ್ಲ, ತಪ್ಪೊಪ್ಪಿಗೆ.

ಪಿಯುಸಿ ಬಿಟ್ಟು ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ಕಾಲ. ನಮ್ಮೂರಿನ ಫೋಟೋ ಸ್ಟುಡಿಯೋದಲ್ಲಿ ಸಹಾಯಕನಾಗಿ ಸೇರಿದ್ದೆ. ಒಂದು ಮದುವೆ ಮನೆ. ಯಜಮಾನರು ಮಂಟಪದ ಕಡೆ ಹೋಗಿ, "ಹುಡುಗಿ ಅಲಂಕಾರ ನೀನು ತೆಗಿಯೋ" ಅಂತ ಎರಡನೇ ಕ್ಯಾಮೆರಾ ಕೈಗಿಟ್ಟರು. ಮದುಮಗಳು ಬೀರುವಿನ ಕನ್ನಡಿ ಮುಂದೆ ಕೂತಿದ್ದರು. ಹಿಂದೆ ಅವರ ಅಜ್ಜಿ ನಿಂತು ಜಡೆಗೆ ಮಲ್ಲಿಗೆ ಮುಡಿಸುತ್ತಿದ್ದರು. ಆ ಅಜ್ಜಿ ಕ್ಯಾಮೆರಾ ಕಂಡರೆ ಸೆರಗು ಮುಚ್ಚಿಕೊಳ್ಳುವವರು. "ನನ್ನ ಮುಖ ಏನಕ್ಕಪ್ಪಾ, ಅವಳದ್ ತೆಗಿ" ಅಂದು ತಿರುಗಿ ನಿಲ್ಲುವವರು. ಆದರೆ ಕನ್ನಡಿಯಲ್ಲಿ ಅವರ ಮುಖ ಪೂರ್ತಿ ಕಾಣುತ್ತಿತ್ತು, ಮೊಮ್ಮಗಳನ್ನೇ ನೋಡಿ ನಗುತ್ತಿತ್ತು. ಅವರಿಗೆ ಗೊತ್ತೇ ಆಗದ ಹಾಗೆ ಒತ್ತಿದೆ. ಗೆದ್ದೆ ಅಂದುಕೊಂಡೆ.

ಮೂರು ತಿಂಗಳಾದ ಮೇಲೆ ಆ ಹುಡುಗಿ ಗಂಡನ ಜೊತೆ ಸ್ಟುಡಿಯೋಗೆ ಬಂದರು. ಅಜ್ಜಿ ಹೋಗಿಬಿಟ್ಟಿದ್ದರು. ಕಟ್ಟು ಹಾಕಿಸೋಕೆ ಮನೆಯಲ್ಲಿ ಒಂದೂ ಫೋಟೋ ಇಲ್ಲ. "ಅಣ್ಣಾ, ಕನ್ನಡಿ ಮುಂದೆ ತೆಗೆದಿದ್ರಲ್ಲ, ಅದ್ರಲ್ಲಿ ಅಜ್ಜಿ ಇದ್ರು ಅಲ್ವಾ?"

ಕಂಪ್ಯೂಟರಿನಲ್ಲಿ ಹುಡುಕಿ ತೆಗೆದೆ. ದೊಡ್ಡದು ಮಾಡಿದೆ. ಕನ್ನಡಿ ಮೇಲೆ ಯಾರೋ ಅಂಟಿಸಿಟ್ಟಿದ್ದ ಸ್ಟಿಕ್ಕರ್ ಬಿಂದಿ... ಅದರ ಅಂಚು, ಕೆಂಪು, ಮೇಲಿನ ಧೂಳು ಸಹಾ ಚೊಕ್ಕವಾಗಿ ಬಂದಿತ್ತು. ಅಜ್ಜಿ ಮುಖ ಹೊಗೆ.

ಆದದ್ದು ಇಷ್ಟೇ. ಕನ್ನಡಿಯೊಳಗಿನ ಮುಖ ಕನ್ನಡಿ ಮೇಲೆ ಇರೋಲ್ಲ. ನನ್ನಿಂದ ಕನ್ನಡಿಗೆ 4 ಅಡಿ, ಕನ್ನಡಿಯಿಂದ ಅಜ್ಜಿಗೆ 5 ಅಡಿ ಅಂತಿಟ್ಟುಕೊಳ್ಳಿ, ಮಸೂರಕ್ಕೆ ಅಜ್ಜಿ ಇರೋದು 9 ಅಡಿ ದೂರದಲ್ಲಿ. ಕ್ಯಾಮೆರಾ ತಾನೇ ಫೋಕಸ್ ಮಾಡಿಕೊಳ್ಳುವಾಗ 4 ಅಡಿಯ ಬಿಂದಿಯನ್ನು ಹಿಡಿದು ಕೂತಿತ್ತು. ನಾನು ನೋಡಿಕೊಳ್ಳಲಿಲ್ಲ. ತಪ್ಪು ಯಂತ್ರದ್ದಲ್ಲ, ನನ್ನದೇ.

ಆಕೆ ಬೈಯಲಿಲ್ಲ. ಸುಮಾರು ಹೊತ್ತು ನೋಡಿದರು. "ಬಿಂದಿ ಅಜ್ಜಿದೇ. ಸ್ನಾನಕ್ಕೆ ಹೋಗೋವಾಗ ಅಲ್ಲೇ ಅಂಟಿಸೋರು" ಅಂದರು. ಅದನ್ನೇ ಪ್ರಿಂಟು ಹಾಕಿಸಿಕೊಂಡು ಹೋದರು. ಯಜಮಾನರು ದುಡ್ಡು ತಗೊಳ್ಳಲಿಲ್ಲ. ಆ ಸಂಜೆ ನನಗೆ ಊಟ ಸೇರಲಿಲ್ಲ.

ಆಮೇಲಿಂದ ನನಗೊಂದು ಚಾಳಿ. ಕನ್ನಡಿ ಇರಲಿ, ಮೇಲುಕೋಟೆ ಕಲ್ಯಾಣಿಯ ನೀರೇ ಇರಲಿ, ಪ್ರತಿಬಿಂಬದ ಮೇಲೇ ಫೋಕಸ್ ಇಟ್ಟು, ತೆಗೆದಾದ ಮೇಲೆ ದೊಡ್ಡದು ಮಾಡಿ ನೋಡಿಯೇ ಜಾಗ ಬಿಡೋದು. ನೀರಿನಲ್ಲಾದರೆ ಗಾಳಿ ಏಳುವ ಮುಂಚೆ, ಬೆಳಗಿನ ಜಾವ ಹೋಗಬೇಕು. ನೀರು ಬಿದ್ದ ಬೆಳಕನ್ನೆಲ್ಲ ವಾಪಸ್ ಕೊಡೋಲ್ಲ, ಅದಕ್ಕೇ ನೆರಳು ಗೋಪುರಕ್ಕಿಂತ ಕೊಂಚ ಕಪ್ಪಗೆ ಬರೋದು. ಪೋಲರೈಸರ್ ಅನ್ನುವ ಗಾಜು ಹಾಕಿದ್ದರೆ ತಿರುಗಿಸುವಾಗ ಹುಷಾರು, ನೀರಿನ ಬಿಂಬವನ್ನೇ ಒರೆಸಿಹಾಕೀತು!

ದಾವಣಗೆರೆಯ ಮಿತ್ರರೇ, ಉತ್ತರ ಸಿಕ್ಕಿತಲ್ಲ? ನಿಮ್ಮ ಮನೆಯಲ್ಲೂ ಕ್ಯಾಮೆರಾ ಕಂಡರೆ ಓಡಿಹೋಗುವ ಅಜ್ಜಿ ಇದ್ದರೆ ಕನ್ನಡಿಯಲ್ಲಿ ಹಿಡಿಯಿರಿ. ಜೇಬಿನ ಮೊಬೈಲೇ ಸಾಕು. ತೆರೆಯ ಮೇಲೆ ಅಜ್ಜಿ ಮುಖವನ್ನೇ ಒತ್ತಿ, ಆಮೇಲೆ ಕ್ಲಿಕ್ಕಿಸಿ.

ಬಿಂದಿ ಅಲ್ಲೇ ಇರಲಿ, ಕೀಳಬೇಡಿ.