ಗಿಡ ನೆಡುವ ಮೊದಲೇ ಬರುವ ಬಿಲ್ಲು

ನಮ್ಮ ಊರುಗಳಿಗೆ ಉದ್ಯಾನಗಳು ಬೇಕೆಂಬಲ್ಲಿ ಎರಡು ಮಾತಿಲ್ಲ. ಸಂಜೆಯ ಹೊತ್ತಿಗೆ ಮುದುಕರು ಕುಳಿತುಕೊಳ್ಳಲು ಒಂದು ಕಟ್ಟೆ, ಮಕ್ಕಳು ಓಡಾಡಲು ಒಂದಿಷ್ಟು ಹಸುರು ನೆಲ ಇಲ್ಲದ ಊರು ಊರೆನಿಸಿಕೊಳ್ಳದು. ನಗರಾಡಳಿತಕ್ಕೆ ಒಪ್ಪಿಸತಕ್ಕ ಕಾರ್ಯಗಳೆಂದು ಸಂವಿಧಾನದ 12ನೆಯ ಅನುಸೂಚಿಯು ಹೇಳಿರುವವುಗಳಲ್ಲಿ ಉದ್ಯಾನ, ತೋಟ, ಆಟದ ಬಯಲುಗಳೂ ಸೇರಿವೆ. ಆದುದರಿಂದ ನಾವು ಇಂದು ಲೇಖನಿಯನ್ನೆತ್ತಿರುವುದು ಉದ್ಯಾನದ ವಿರುದ್ಧವಾಗಿ ಅಲ್ಲ. ಉದ್ಯಾನದ ಹೆಸರಿನಲ್ಲಿ, ಮೊದಲ ಗಿಡವು ನೆಲವನ್ನು ಮುಟ್ಟುವುದಕ್ಕೂ ಮುಂಚೆ, ಕರದಾತರ ಬೊಕ್ಕಸದಿಂದ ಸದ್ದಿಲ್ಲದೆ ಹೊರಟುಹೋಗುವ ಹಣವನ್ನು ಕುರಿತು.

ಕೆಲವು ತಿಂಗಳ ಹಿಂದೆ ಸಣ್ಣ ಊರೊಂದರ ಪುರಸಭೆಯ ಸಭಾಸದರೊಬ್ಬರು, ಶಾಲಾಮಾಸ್ತರಿಕೆಯಿಂದ ನಿವೃತ್ತರಾದ ಸಭ್ಯಗೃಹಸ್ಥರು, ಕಾಗದಗಳ ಕಟ್ಟೊಂದನ್ನು ಹಿಡಿದುಕೊಂಡು ನಮ್ಮ ಕಚೇರಿಗೆ ಬಂದರು. "ವಕೀಲ ಸಾಹೇಬರ, ಇದನ್ನಷ್ಟು ಓದಿ ನೋಡ್ರಿ. ತೋಟ ಆಗಿಲ್ಲ, ಬಿಲ್ಲು ಬಂದೈತಿ" ಎಂದರು. ಓದಿ ನೋಡಿದೆವು. ಕೆರೆಯ ದಂಡೆಯ ಮೇಲಿನ ಎರಡು ಎಕರೆ ನೆಲದಲ್ಲಿ ಉದ್ಯಾನ ಮಾಡಬೇಕೆಂದು ಪುರಸಭೆಯು ಬಯಸಿತ್ತು. ಐವತ್ತು ಲಕ್ಷ ರೂಪಾಯಿಗಳಲ್ಲಿ ಕೆಲಸ ತೀರೀತೆಂದು ಸಭಾಸದರ ಎಣಿಕೆ. ನಕಾಶೆ ಮತ್ತು ಅಂದಾಜು ಪತ್ರಿಕೆಗಳನ್ನು ಸಿದ್ಧಪಡಿಸಲು ದೊಡ್ಡ ನಗರದ ಸಲಹೆಗಾರರೊಬ್ಬರನ್ನು ನೇಮಿಸಿಕೊಂಡರು. ಸಂಭಾವನೆಯು "ಅಂದಾಜು ವೆಚ್ಚದ" ಮೇಲೆ ನೂರಕ್ಕೆ ನಾಲ್ಕು. ನೂರಕ್ಕೆ ನಾಲ್ಕು ಎಂದರೆ ಎರಡು ಲಕ್ಷವಷ್ಟೇ ಎಂದು ಎಲ್ಲರೂ ತಲೆದೂಗಿದರು. ಸಲಹೆಗಾರರು ತಂದ ನಕಾಶೆಯಲ್ಲಾದರೋ ಸಂಗೀತದ ಕಾರಂಜಿ, ಗಾಜಿನ ಮನೆ, ಬಣ್ಣದ ದೀಪಗಳ ಸಾಲು ಇವೆಲ್ಲ ಬಂದು ಕುಳಿತಿದ್ದವು. ಅಂದಾಜು ಎರಡು ಕೋಟಿಗೇರಿತ್ತು. ಸರಕಾರದಿಂದ ಬಂದ ಅನುದಾನವು ನಲವತ್ತು ಲಕ್ಷ. ಅದರಲ್ಲಿ ಬೇಲಿ, ಕಾಲುದಾರಿ, ನಾಲ್ಕಾರು ಕಲ್ಲುಬೆಂಚುಗಳಷ್ಟೇ ಆಗಬಲ್ಲವು. ಆದರೆ ಬಿಲ್ಲು ಎರಡು ಕೋಟಿಯ ಮೇಲಿನ ನೂರಕ್ಕೆ ನಾಲ್ಕು, ಅಂದರೆ ಎಂಟು ಲಕ್ಷ! ಅದರ ಕೆಳಗೆ ಮಣ್ಣಿನ ಪರೀಕ್ಷೆ, ಮೋಜಣಿ, ನಕಾಶೆಯ ತಿದ್ದುಪಡಿ, ಪ್ರಯಾಣದ ಖರ್ಚುಗಳು ಬೇರೆ ಬೇರೆಯಾಗಿ.

ಸಲಹೆಗಾರರು ಮೋಸ ಮಾಡಿದರೆಂದು ನಾವು ಹೇಳಲಾರೆವು. ಕರಾರಿನಲ್ಲಿ ಬರೆದುದನ್ನೇ ಅವರು ಕೇಳಿದ್ದಾರೆ. ನಕಾಶೆಯನ್ನು ಬರೆಯುವುದೂ ಒಂದು ವಿದ್ಯೆ; ವಿದ್ಯೆಗೆ ಬೆಲೆ ಕೊಡಲೇಬೇಕು. ವಕೀಲಿಯಿಂದ ಹೊಟ್ಟೆ ಹೊರೆಯುವ ನಾವೇ ಸಲಹೆಗೆ ಹಣವೇಕೆಂದು ಕೇಳಿದರೆ ಜನರು ನಕ್ಕಾರು. ದೋಷವಿರುವುದು "ಅಂದಾಜು" ಎಂಬ ಆ ಒಂದು ಶಬ್ದದಲ್ಲಿ. ಅಂದಾಜನ್ನು ಬರೆಯುವವನಿಗೇ ಅಂದಾಜಿನ ಮೇಲೆ ಕೂಲಿ ಎಂದಾದ ಮೇಲೆ ಕಾರಂಜಿಯು ಸಂಗೀತವನ್ನು ಹಾಡದೆ ಬಿಟ್ಟೀತೆ? ಕೇಂದ್ರ ಸರಕಾರದ ಅರ್ಥಖಾತೆಯು ಸಲಹಾಸೇವೆಗಳನ್ನು ಪಡೆಯುವ ಬಗ್ಗೆ 2017ರಲ್ಲಿ ಹೊರಡಿಸಿದ ಕೈಪಿಡಿಯಲ್ಲಿ ಒಟ್ಟು ಮೊತ್ತದ ಕರಾರು, ಕಾಲದ ಲೆಕ್ಕದ ಕರಾರು, ಶೇಕಡಾ ಲೆಕ್ಕದ ಕರಾರು ಎಂದು ಬಗೆಗಳನ್ನು ವಿಂಗಡಿಸಿ ವಿವರಿಸಿದೆ. ಅದನ್ನು ಓದಿದ ಪುರಸಭಾಸದಸ್ಯರೆಷ್ಟು ಮಂದಿ?

ಈ ರೋಗವು ನಮ್ಮಲ್ಲಿ ಮಾತ್ರ ಇರುವುದಲ್ಲ, ಇಂದಿನದೂ ಅಲ್ಲ. ಜಗತ್ಪ್ರಸಿದ್ಧವಾದ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಕಥೆಯನ್ನೇ ನೋಡಿರಿ. 1856ರಲ್ಲಿ ಎಗ್ಬರ್ಟ್ ವೀಲೆ ಎಂಬ ಇಂಜನಿಯರರು ಆ ನೆಲವನ್ನು ಅಳೆದು ಒಂದು ಯೋಜನೆಯನ್ನು ಮಾಡಿಕೊಟ್ಟರು. ಅಂದಿನ ಅಧಿಕಾರಿಗಳು ಅದನ್ನು ಒಪ್ಪಿಕೊಂಡರು. ಮರುವರ್ಷ ಆಡಳಿತವು ಹೊಸ ಮಂಡಲಿಯೊಂದರ ಕೈಗೆ ಹೋಯಿತು. ಅದು ವೀಲೆಯವರ ಯೋಜನೆಯನ್ನು ಬದಿಗೊತ್ತಿ ಬಹಿರಂಗ ಸ್ಪರ್ಧೆಯನ್ನು ಸಾರಿತು. ಬಂದ 33 ಯೋಜನೆಗಳಲ್ಲಿ ಓಮ್‌ಸ್ಟೆಡ್ ಮತ್ತು ವಾಕ್ಸ್ ಎಂಬಿಬ್ಬರು ಕೂಡಿ ಸಿದ್ಧಪಡಿಸಿದುದಕ್ಕೆ 1858ರಲ್ಲಿ ಮೊದಲ ಬಹುಮಾನ ಬಂದಿತು. ಬಹುಮಾನದ ಹಣ 2000 ಡಾಲರು. ಅಷ್ಟು ದೊಡ್ಡ ಉದ್ಯಾನಕ್ಕೆ ಯೋಜನೆ ದೊರೆತ ಬೆಲೆ ಅದು! ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಕೆಲಸವನ್ನು ಕಳೆದುಕೊಂಡ ವೀಲೆಯವರು ನ್ಯಾಯಾಲಯಕ್ಕೆ ಹೋದರು. 1864ರಲ್ಲಿ ಅವರ ಪರವಾಗಿ ತೀರ್ಪಾಯಿತು. ಬದಿಗೊತ್ತಿದ ಯೋಜನೆಗಾಗಿ ನಗರವು ಎಂಟು ಸಾವಿರ ಡಾಲರಿಗೂ ಮೇಲ್ಪಟ್ಟ ಹಣವನ್ನು ತೆರಬೇಕಾಯಿತು. ಎಂದರೆ, ಗೆದ್ದ ಯೋಜನೆಗೆ ಕೊಟ್ಟ ಬಹುಮಾನದ ನಾಲ್ಕು ಪಟ್ಟು ಹಣ ಬಿಟ್ಟ ಯೋಜನೆಗೆ ಹೋಯಿತು. ಆಳುವವರು ಬದಲಾದರೂ ಸಾಲವು ನಗರದ ತಲೆಯ ಮೇಲೆಯೇ ಉಳಿಯುವುದು.

ಇತ್ತೀಚಿನ ಲಂಡನ್ನಿನ ಕಥೆಯು ಇನ್ನೂ ವಿಚಿತ್ರವಾದುದು. ಥೇಮ್ಸ್ ನದಿಯ ಮೇಲೆ ಗಿಡಮರಗಳಿಂದ ತುಂಬಿದ ತೂಗುತೋಟದಂತಹ ಸೇತುವೆಯೊಂದನ್ನು ಕಟ್ಟಬೇಕೆಂದು ಆ ಪಟ್ಟಣದ ಮೇಯರರೂ ಸಾರಿಗೆ ಸಂಸ್ಥೆಯೂ ಮನಸ್ಸು ಮಾಡಿದರು. ಮೊದಲು 60 ದಶಲಕ್ಷ ಪೌಂಡುಗಳೆಂದಿದ್ದ ಅಂದಾಜು ಬರಬರುತ್ತ 200 ದಶಲಕ್ಷವನ್ನು ದಾಟಿತು. ನೆಲದ ಹಕ್ಕುಗಳು ಇನ್ನೂ ಪೂರ್ತಿಯಾಗಿ ಕೈಗೆ ಬಂದಿರದಾಗಲೇ 2016ರಲ್ಲಿ ಕಾಮಗಾರಿಯ ಕರಾರಿಗೆ ಸಹಿಯಾಯಿತು. 2017ರಲ್ಲಿ ವಿಚಾರಣೆ ನಡೆಸಿದ ಮಾರ್ಗರೆಟ್ ಹಾಜ್ ಅವರು ಸಲಹೆಗಾರರನ್ನು ಆರಿಸಿದ ರೀತಿಯು ನ್ಯಾಯವಾಗಿರಲಿಲ್ಲವೆಂದು ವರದಿಯಿತ್ತರು. ಅದೇ ವರ್ಷದ ಆಗಸ್ಟಿನಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಅಷ್ಟರಲ್ಲಿ ನಕಾಶೆ, ಸಲಹೆ, ಪರವಾನಗಿ, ಗುತ್ತಿಗೆದಾರರ ಪೂರ್ವಸಿದ್ಧತೆ ಎಂದು ಖರ್ಚಾದುದು ಸುಮಾರು 53 ದಶಲಕ್ಷ ಪೌಂಡು. ಅದರಲ್ಲಿ 43 ದಶಲಕ್ಷ ಸಾರ್ವಜನಿಕರ ಹಣ. ನದಿಯ ಮೇಲೆ ಒಂದು ಕಂಬವೂ ಏಳಲಿಲ್ಲ, ಒಂದು ಬಳ್ಳಿಯೂ ಹಬ್ಬಲಿಲ್ಲ. ಧನಿಕರಾದ ಆಂಗ್ಲರು ಇದನ್ನು ತಾಳಿಕೊಂಡಾರು. ಮನೆಪಟ್ಟಿ, ನೀರಿನ ಕರಗಳನ್ನು ಕೂಡಿಸಿ ಜಾಡಮಾಲಿಗಳ ಪಗಾರವನ್ನು ಹೊಂದಿಸುವ ನಮ್ಮ ಪುರಸಭೆಗಳು ತಾಳಬಲ್ಲವೆ? ಎಂಟು ಲಕ್ಷವೆಂದರೆ ಆ ಊರಿನ ಎಷ್ಟು ಓಣಿಗಳ ಗಟಾರಗಳಾದವೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ.

ನಮ್ಮ ಮಾಸ್ತರರು ಇನ್ನೊಂದು ಪ್ರಶ್ನೆಯನ್ನು ಕೇಳಿದರು: "ಈ ಕರಾರಿಗೆ ಸಾಮಾನ್ಯ ಸಭೆಯ ಮಂಜೂರಾತಿಯೇ ಇಲ್ಲವಲ್ಲ, ಇದು ಬಿದ್ದುಹೋಗಬೇಕಲ್ಲವೆ?" ಬಹು ಜನ ಸಭಾಸದರಲ್ಲಿ ಈ ಭ್ರಾಂತಿಯುಂಟು. ಕರಾರು ಬಿದ್ದರೂ ಹೊಣೆಯು ಬೀಳುವುದಿಲ್ಲ. ಪುಕ್ಕಟೆಯೆಂದು ಅಲ್ಲದೆ ಒಬ್ಬನು ಮಾಡಿಕೊಟ್ಟ ಕೆಲಸದ ಲಾಭವನ್ನು ಇನ್ನೊಬ್ಬನು ಅನುಭವಿಸಿದಲ್ಲಿ ಅದಕ್ಕೆ ಪರಿಹಾರ ಕೊಡಬೇಕೆಂದು 1872ರ ಕರಾರು ಕಾಯಿದೆಯ 70ನೆಯ ಕಲಮು ಹೇಳುತ್ತದೆ. ಪಶ್ಚಿಮ ಬಂಗಾಲ ಸರಕಾರಕ್ಕೂ ಬಿ. ಕೆ. ಮಂಡಲ್ ಎಂಬ ಗುತ್ತಿಗೆದಾರ ಸಂಸ್ಥೆಗೂ ನಡೆದ ವ್ಯಾಜ್ಯದಲ್ಲಿ, ಕರಾರು ವಿಧಿಪೂರ್ವಕವಾಗಿರದಿದ್ದರೂ ಸರಕಾರವು ಕಟ್ಟಡವನ್ನು ಒಪ್ಪಿಕೊಂಡು ಬಳಸಿದ ಮೇಲೆ ಹಣ ಕೊಡತಕ್ಕದ್ದೇ ಎಂದು ಸರ್ವೋಚ್ಚ ನ್ಯಾಯಾಲಯವು 1961ರಲ್ಲಿ ನಿರ್ಣಯಿಸಿತು. ಆದರೆ ಅದೇ ತೀರ್ಪಿನಲ್ಲಿ ಒಂದು ಬಾಗಿಲೂ ತೆರೆದಿದೆ: ಬೇಡವಾದುದನ್ನು ನಿರಾಕರಿಸುವ ಸ್ವಾತಂತ್ರ್ಯ ಎದುರು ಪಕ್ಷಕ್ಕೆ ಇದ್ದೇ ಇದೆ, ಒಪ್ಪಿಕೊಂಡಾಗಲೇ ಹೊಣೆಯು ಹುಟ್ಟುವುದು. ನಮ್ಮ ಪುರಸಭೆಯು ಮಾಡಿದುದೇನು? ಆ ಎರಡು ಕೋಟಿಯ ನಕಾಶೆಯನ್ನೇ ಅನುದಾನದ ಅರ್ಜಿಗೆ ಲಗತ್ತಿಸಿ ಸರಕಾರಕ್ಕೆ ಕಳುಹಿಸಿತು. ಬಳಸಿಕೊಂಡ ಮೇಲೆ ಬೇಡವೆನ್ನುವುದೆಂತು? ಹೆಚ್ಚೆಂದರೆ ಮೊತ್ತದ ಮೇಲೆ ಚೌಕಾಶಿ ಮಾಡಬಹುದು. ಆ ಮೇರೆಗೆ ಒಂದು ನೋಟೀಸನ್ನು ಬರೆದುಕೊಟ್ಟೆವು.

ಹಾಗಾದರೆ ಮಾಡತಕ್ಕದ್ದೇನು? ಎಲ್ಲಕ್ಕೂ ಮೊದಲು, ತನಗೆ ಬೇಕಾದುದೇನೆಂಬುದನ್ನು ಪುರಸಭೆಯು ತಾನೇ ಸಭೆಯಲ್ಲಿ ಕುಳಿತು ಠರಾಯಿಸಬೇಕು. ನೆಲವೆಷ್ಟು, ನೀರೆಲ್ಲಿಂದ, ಚೈತ್ರ ವೈಶಾಖಗಳ ಬಿಸಿಲಿನಲ್ಲಿ ನೀರುಣಿಸುವ ಮಾಲಿ ಯಾರು, ಕೈಯಲ್ಲಿರುವ ಹಣವೆಷ್ಟು — ಇವಕ್ಕೆ ಉತ್ತರಿಸಲು ಹೊರಗಿನ ಪಂಡಿತರು ಬೇಕಿಲ್ಲ. ಪಂಡಿತರು ಬೇಕಾದರೆ ಜಿಲ್ಲೆಗಳಲ್ಲಿ ತೋಟಗಾರಿಕೆ ಇಲಾಖೆಯ ಅಧಿಕಾರಿಗಳಿದ್ದಾರೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಬಾಗಲಕೋಟೆಯಲ್ಲಿ ತೋಟಗಾರಿಕೆಯ ವಿಶ್ವವಿದ್ಯಾಲಯವಿದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗನ್ನು ಬೆಳೆಸಿದ, ಬೆಂಗಳೂರಿನ ಬೀದಿಗಳಿಗೆ ಹೂಮರಗಳ ಸಾಲುಗಳನ್ನು ಕೊಟ್ಟ ಕೃಂಬಿಗಲ್ಲರು ಸಂಸ್ಥಾನದ ಸಂಬಳದ ನೌಕರರಾಗಿದ್ದರು ಎಂಬುದನ್ನು ಮರೆಯಬಾರದು. ಮರಕ್ಕಿಷ್ಟು ಎಂದು ಶೇಕಡಾ ಲೆಕ್ಕದಲ್ಲಿ ಅವರು ಹಣವೆಣಿಸಲಿಲ್ಲ.

ಹೊರಗಿನವರೇ ಬೇಕೆಂದಾದರೆ ಸಂಭಾವನೆಯು ಒಟ್ಟು ಮೊತ್ತದಲ್ಲಿ ನಿಶ್ಚಿತವಾಗಿರಲಿ. ಪ್ರಯಾಣ, ಮೋಜಣಿ, ಮಣ್ಣಿನ ಪರೀಕ್ಷೆ, ಎರಡು ಸಲದ ತಿದ್ದುಪಡಿ ಅದರೊಳಗೇ ಅಡಕವಾಗಿರಲಿ. ಶೇಕಡಾ ಲೆಕ್ಕವು ತಪ್ಪದೆಂದಾದರೆ ಅಂದಾಜಿನ ಮೇಲಲ್ಲ, ಮಂಜೂರಾದ ಅಥವಾ ನಿಜವಾಗಿ ಖರ್ಚಾದ ಹಣ, ಇವೆರಡರಲ್ಲಿ ಕಡಿಮೆಯಾದುದರ ಮೇಲೆ ಎಂದು ಬರೆಯಿಸಿಕೊಳ್ಳಲಿ. ಕೆಲಸವನ್ನು ಹಂತಗಳಾಗಿ ವಿಂಗಡಿಸಿ, ಯಾವ ಹಂತದಲ್ಲಾದರೂ ಅಲ್ಲಿಯ ವರೆಗಿನ ಹಣವನ್ನಷ್ಟೇ ಕೊಟ್ಟು ನಿಲ್ಲಿಸುವ ಹಕ್ಕನ್ನು ಇಟ್ಟುಕೊಳ್ಳಲಿ. ಕರಾರಿಗೆ ಸಹಿಯಾಗುವ ಮೊದಲು "ನೋಡಲಿಕ್ಕೆಂದು" ಕಳುಹಿಸಿದ ನಕಾಶೆಯನ್ನು ಮುಖ್ಯಾಧಿಕಾರಿಗಳು ಪತ್ರದೊಂದಿಗೆ ಹಿಂದಿರುಗಿಸಲಿ. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗಾಗಿ ನಮ್ಮ ರಾಜ್ಯದಲ್ಲಿ 1999ರ ಕಾಯಿದೆಯೇ ಇದೆ; ಆದರೆ ಅದರ 4ನೆಯ ಕಲಮಿನಲ್ಲಿ ವಿನಾಯಿತಿಗಳೂ ಇವೆ. ಟೆಂಡರಿಲ್ಲದೆ ಸಲಹೆಗಾರರು ಬಂದಾಗ ಯಾವ ವಿನಾಯಿತಿಯ ಬಾಗಿಲಿನಿಂದ ಬಂದರೆಂದು ಸಭಾಸದರು ಕೇಳಬೇಕು. ಅವರು ಕೇಳದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಊರಿನ ಯಾರಾದರೂ ಹತ್ತು ರೂಪಾಯಿ ಕೊಟ್ಟು ಕೇಳಬಹುದು.

ಒಂದು ಸಂಗತಿಯನ್ನು ಹೇಳುವುದು ಉಳಿಯಿತು. ಆ ಕರಾರು ಹದಿನೆಂಟು ಪುಟಗಳದು, ಇಂಗ್ಲಿಷಿನಲ್ಲಿ ಇತ್ತು. ಕನ್ನಡವು ರಾಜ್ಯದ ಆಡಳಿತಭಾಷೆಯೆಂದು 1963ರಲ್ಲಿಯೇ ಕಾಯಿದೆಯಾಗಿದ್ದರೂ, ಕನ್ನಡವನ್ನೇ ಓದಬಲ್ಲ, ಕನ್ನಡದಲ್ಲಿಯೇ ಚರ್ಚಿಸುವ ಸಭಾಸದರ ಮುಂದೆ ಆ ಹದಿನೆಂಟು ಪುಟಗಳನ್ನು ಯಾರೂ ಓದಿ ಹೇಳಿರಲಿಲ್ಲ. ಮಾಸ್ತರರು ಈಗ ಅದನ್ನು ಸಾಲುಸಾಲಾಗಿ ಕನ್ನಡಿಸುತ್ತಿದ್ದಾರೆ. ಹನ್ನೊಂದನೆಯ ಪುಟದ ವರೆಗೆ ಬಂದಿದ್ದಾರಂತೆ. ಮುಂದಿನ ಸಾಮಾನ್ಯ ಸಭೆಯಲ್ಲಿ, ಉದ್ಯಾನದ ವಿಷಯವು ಬಂದೊಡನೆ, ಎದ್ದು ನಿಂತು ಮೊದಲಿನಿಂದ ಕೊನೆಯ ವರೆಗೆ ಓದುವೆನೆಂದು ಹೇಳಿ ಹೋಗಿದ್ದಾರೆ.